ಬೆಟ್ಟ ತಾನಾಗಿ ಪಾಠ ಹೇಳುತ್ತದೆಯೇ? ಭಾವನಾತ್ಮಕ ಅಗತ್ಯವುಳ್ಳ ಮಕ್ಕಳಿಗೆ ಹೊರಾಂಗಣ ಮತ್ತು ದೈಹಿಕ ಶಿಕ್ಷಣ

1980ರಲ್ಲಿ ಥಾಮಸ್ ಜೇಮ್ಸ್ ಕೊಲೊರಾಡೊ ಔಟ್‌ವರ್ಡ್ ಬೌಂಡ್ ಶಾಲೆಗಾಗಿ ಒಂದು ಪ್ರಬಂಧ ಬರೆದರು. ಬೆಟ್ಟಗಳು ತಾವೇ ಮಾತಾಡಬಲ್ಲವೇ ಎಂಬುದು ಅದರ ಪ್ರಶ್ನೆ. ಹದಿಹರೆಯದವರ ಬೆನ್ನಿಗೆ ಚೀಲ ಹೊರಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆ ಹತ್ತಿಸುವ ಆ ಚಳವಳಿಯ ತರಬೇತುದಾರರಲ್ಲಿ ಎರಡು ಪಂಗಡಗಳಿದ್ದವು. ಹತ್ತಿದ ಮೇಲೆ ಮಾತೇಕೆ, ಅನುಭವವೇ ಸಾಕು ಎನ್ನುವವರು ಒಂದು ಕಡೆ. ಸಂಜೆ ಎಲ್ಲರೂ ಕೂತು ಆ ದಿನ ಆದದ್ದನ್ನು ಬಿಡಿಸಿ ಮಾತಾಡದಿದ್ದರೆ ಹತ್ತಿದ್ದೂ ದಂಡ ಎನ್ನುವವರು ಇನ್ನೊಂದು ಕಡೆ. ಮೇಲ್ನೋಟಕ್ಕೆ ಇದು ಸಾಹಸಿಗರ ಒಳಜಗಳ. ಆದರೆ ಶಾಲೆಯಲ್ಲಿ ಭಾವನೆಗಳ ಭಾರ ಹೊತ್ತು ಓಡಾಡುವ ಮಕ್ಕಳ ಶಿಕ್ಷಣಕ್ಕೆ ಈ ಪ್ರಶ್ನೆಯಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ.

ಇಂಥ ಮಕ್ಕಳನ್ನು ಪ್ರತಿ ಶಿಕ್ಷಕರೂ ಬಲ್ಲರು. ಸಣ್ಣ ಮಾತಿಗೆ ಸಿಡಿದೇಳುವ ಹುಡುಗ, ಸೋತ ಕೂಡಲೇ ಚೆಂಡನ್ನು ಕಾಂಪೌಂಡಿನಾಚೆ ಒದೆಯುವವನು, ಯಾರ ಜೊತೆಗೂ ಸೇರದೆ ಮರದ ಬುಡದಲ್ಲಿ ಕೂರುವ ಹುಡುಗಿ, ಆಟದ ಪಿರಿಯಡ್ ಬಂದಾಗಲೆಲ್ಲ ಹೊಟ್ಟೆನೋವು ಎನ್ನುವವಳು. ಇವರಲ್ಲಿ ಕೆಲವರಿಗೆ ವೈದ್ಯರು ಹೆಸರಿಟ್ಟ ಕಾಯಿಲೆ ಇರುತ್ತದೆ, ಹೆಚ್ಚಿನವರಿಗೆ ಇರುವುದಿಲ್ಲ. ಮನೆಯ ಹೊಡೆದಾಟ, ಸಾವು, ವಲಸೆ, ತಂದೆಯ ಕುಡಿತ, ಅವಮಾನ ಇವುಗಳ ಗುರುತು ಅವರ ನಡವಳಿಕೆಯಲ್ಲಿ ಕಾಣುತ್ತದೆ. ಇಂಥ ಮಕ್ಕಳಿಗೆ ಮೈದಾನದಿಂದ, ಕಾಡಿನಿಂದ, ಬಂಡೆಯಿಂದ ನಿಜಕ್ಕೂ ಒಳಿತಾಗುತ್ತದೆ ಎಂಬುದಕ್ಕೆ ಐವತ್ತು ವರ್ಷಗಳಿಗೂ ಮೀರಿದ ಪುರಾವೆಯಿದೆ. ಆದರೆ ಆ ಒಳಿತು ಸ್ಥಳದಿಂದ ತಾನಾಗಿ ಒಸರುವುದಿಲ್ಲ. ಶಿಕ್ಷಕರು ಆ ಒಂದು ಗಂಟೆಯನ್ನು ಹೇಗೆ ಕಟ್ಟುತ್ತಾರೆ ಎಂಬುದರಿಂದ ಬರುತ್ತದೆ ಎನ್ನುವುದು ಈ ಲೇಖನದ ವಾದ.

ಕಾನೂನಿನ ಮಟ್ಟದಲ್ಲಿ ಈ ಮಕ್ಕಳ ದೈಹಿಕ ಶಿಕ್ಷಣಕ್ಕೆ ಸ್ಪಷ್ಟ ಜಾಗ ಕೊಟ್ಟ ದೇಶ ಅಮೆರಿಕ. ಅಲ್ಲಿ 1975ರಲ್ಲಿ ಬಂದ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆ ತೀವ್ರ ಭಾವನಾತ್ಮಕ ಏರುಪೇರನ್ನು ಒಂದು ಪ್ರತ್ಯೇಕ ವರ್ಗವಾಗಿ ಪಟ್ಟಿ ಮಾಡಿತು. ಅದಕ್ಕಿಂತ ಮುಖ್ಯವಾಗಿ, ವಿಶೇಷ ಶಿಕ್ಷಣ ಎಂದರೇನು ಎಂದು ವಿವರಿಸುವಾಗಲೇ ದೈಹಿಕ ಶಿಕ್ಷಣದ ಹೆಸರು ಹೇಳಿತು. ಗಣಿತ, ವಿಜ್ಞಾನಗಳನ್ನು ಹೆಸರಿಸದ ಆ ವ್ಯಾಖ್ಯೆಯಲ್ಲಿ ಆಟದ ಪಾಠಕ್ಕೆ ಜಾಗ ಸಿಕ್ಕಿದ್ದು ಗಮನಿಸಬೇಕಾದ ಸಂಗತಿ. ಇಂಗ್ಲೆಂಡಿನ ದಾರಿ ಬೇರೆ. 1945ರ ನಿಯಮಾವಳಿ ಇಂಥ ಮಕ್ಕಳನ್ನು ಸಮಾಜಕ್ಕೆ ಹೊಂದಿಕೊಳ್ಳದವರು ಎಂದು ವರ್ಗೀಕರಿಸಿ ಪ್ರತ್ಯೇಕ ಶಾಲೆಗಳಿಗೆ ದಾರಿ ಮಾಡಿತು. 1978ರ ವಾರ್ನಾಕ್ ವರದಿ ಆ ವರ್ಗೀಕರಣದ ಬುಡವನ್ನೇ ಅಲುಗಾಡಿಸಿ, ಶಾಲಾ ಜೀವನದ ಯಾವುದಾದರೊಂದು ಹಂತದಲ್ಲಿ ಐವರಲ್ಲಿ ಒಂದು ಮಗುವಿಗೆ ವಿಶೇಷ ನೆರವು ಬೇಕಾಗಬಹುದು ಎಂದಿತು. ಅಲ್ಲಿನ ವಿಶೇಷ ಶಿಕ್ಷಣದ 2014ರ ಸಂಹಿತೆಯು ಈ ಮಕ್ಕಳ ವಿವರಣೆಯಿಂದ ನಡವಳಿಕೆಯನ್ನು ತೆಗೆದು ಮಾನಸಿಕ ಆರೋಗ್ಯವನ್ನು ಸೇರಿಸಿತು. ತರಗತಿಯಲ್ಲಿ ಕಾಣುವ ಗಲಾಟೆಯ ಹಿಂದೆ ಏನಿದೆ ಎಂದು ಕೇಳುವ ಹೊಣೆ ಅಲ್ಲಿಂದ ಶಾಲೆಗೆ ಬಂತು.

ಆದರೂ ಶಾಲೆಯ ದಿನಚರಿಯಲ್ಲಿ ಈ ಮಕ್ಕಳಿಗೆ ಅತಿ ಕಷ್ಟದ ಹೊತ್ತು ಯಾವುದು ಎಂದರೆ, ಬಹಳಷ್ಟು ಸಲ ಅದು ಆಟದ ಹೊತ್ತೇ. ತರಗತಿಯಲ್ಲಿ ಬೆಂಚು ಇದೆ, ಪುಸ್ತಕದ ಹಿಂದೆ ಮುಖ ಮರೆಸಿಕೊಳ್ಳಬಹುದು. ಮೈದಾನದಲ್ಲಿ ಅವಿತುಕೊಳ್ಳಲು ಏನೂ ಇಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೈಮೇಲಿನ ಬಾಸುಂಡೆ ಕಾಣುತ್ತದೆ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತ ಹೋಗಿ ಕೊನೆಗೆ ಒಬ್ಬ ಉಳಿದು, ‘ಇವನು ನಿಮಗೇ ಇರಲಿ’ ಎಂದು ಎರಡೂ ತಂಡದವರು ಅನ್ನುವಾಗ ಆ ಒಬ್ಬ ಯಾರೆಂದು ಇಡೀ ತರಗತಿಗೆ ಮೊದಲೇ ಗೊತ್ತಿರುತ್ತದೆ. ಸೀಟಿಯ ಕರ್ಕಶ ದನಿ, ಹಿಂದಿನಿಂದ ಬಂದು ತಾಗುವ ಕೈ, ಗುರಿಯಿಟ್ಟು ಎಸೆದ ಚೆಂಡು ಇವೆಲ್ಲ ಹೊಡೆತ ತಿಂದು ಬೆಳೆದ ಮಗುವಿಗೆ ಆಟದ ಸಂಕೇತಗಳಾಗಿ ಕೇಳಿಸುವುದಿಲ್ಲ. ದೇಹದ ಒಳಗೂ ಒಂದು ತೊಡಕಿದೆ. ಓಡಿದಾಗ ಎದೆ ಬಡಿದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಅಂಗೈ ಬೆವರುತ್ತದೆ. ಭಯವಾದಾಗ ಆಗುವುದೂ ಇದೇ. ಆತಂಕದ ಸ್ವಭಾವದ ಮಗು ಮೊದಲ ಸುತ್ತಿನಲ್ಲೇ ಓಟ ನಿಲ್ಲಿಸಿ ಕುಸಿದು ಕೂತರೆ ಅದನ್ನು ಸೋಮಾರಿತನ ಎಂದು ಓದುವ ಶಿಕ್ಷಕರು ಒಂದು ಮುಖ್ಯ ಸುಳಿವನ್ನು ಕಳೆದುಕೊಳ್ಳುತ್ತಾರೆ.

ಈ ಅವಮಾನದ ವ್ಯವಸ್ಥೆಯನ್ನು ವೃತ್ತಿಯ ಒಳಗಿನಿಂದಲೇ ನೇರವಾಗಿ ಬಯಲಿಗೆಳೆದವರಲ್ಲಿ ದೈಹಿಕ ಶಿಕ್ಷಣ ಪ್ರಾಧ್ಯಾಪಕ ನೀಲ್ ವಿಲಿಯಮ್ಸ್ ಒಬ್ಬರು. 1992ರಲ್ಲಿ ಅಮೆರಿಕದ ದೈಹಿಕ ಶಿಕ್ಷಣ ಪತ್ರಿಕೆಯೊಂದರಲ್ಲಿ ಅವರು ನಾಚಿಕೆಗೇಡಿನ ಆಟಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಎದುರಾಳಿಯ ಮೈಗೆ ಚೆಂಡೆಸೆದು ಹೊರಹಾಕುವ ಡಾಡ್ಜ್‌ಬಾಲ್ ಅದರಲ್ಲಿತ್ತು. ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಇಂದಿಗೂ ತಪ್ಪದ ಮ್ಯೂಸಿಕಲ್ ಚೇರ್ ಕೂಡ ಇತ್ತು. ಅವರ ಆಕ್ಷೇಪಣೆ ಸರಳ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಹೊರಗೆ ಹೋಗುತ್ತಾರೆ, ಎಲ್ಲರೂ ನೋಡುತ್ತಿರುವಾಗಲೇ ಹೋಗುತ್ತಾರೆ, ಹೋದ ಮೇಲೆ ಸುಮ್ಮನೆ ಕೂರುತ್ತಾರೆ. ಭಾವನಾತ್ಮಕವಾಗಿ ಜರ್ಜರಿತವಾದ ಮಗುವಿಗೆ ಇದಕ್ಕಿಂತ ಕೆಟ್ಟ ಪಾಠವನ್ನು ಬೇಕೆಂದೇ ರೂಪಿಸುವುದೂ ಕಷ್ಟ.

ಹಾಗಾದರೆ ಶಾಲೆಯ ಮೈದಾನ ಬಿಟ್ಟು ಬೆಟ್ಟಕ್ಕೆ, ಸಮುದ್ರಕ್ಕೆ ಕರೆದೊಯ್ದರೆ? ಈ ಯೋಚನೆಗೆ ಆಧುನಿಕ ಕಾಲದಲ್ಲಿ ರೂಪ ಕೊಟ್ಟವರು ಕುರ್ಟ್ ಹಾನ್. 1886ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಈ ಯಹೂದಿ ಶಿಕ್ಷಣತಜ್ಞ 1920ರಲ್ಲಿ ಜರ್ಮನಿಯ ಸಾಲೆಮ್‌ನಲ್ಲಿ ಶಾಲೆ ತೆರೆದರು. ಹಿಟ್ಲರನನ್ನು ಎದುರಿಸಿ 1933ರಲ್ಲಿ ಸೆರೆವಾಸ ಅನುಭವಿಸಿ, ಬ್ರಿಟನ್ನಿಗೆ ಬಂದು, ಮರುವರ್ಷ ಸ್ಕಾಟ್ಲೆಂಡಿನಲ್ಲಿ ಗೋರ್ಡನ್‌ಸ್ಟನ್ ಶಾಲೆ ಕಟ್ಟಿದರು. 1941ರಲ್ಲಿ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆಗೂಡಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಮೊದಲ ಔಟ್‌ವರ್ಡ್ ಬೌಂಡ್ ಶಾಲೆಯನ್ನು ತೆರೆದರು. ಯುದ್ಧದಲ್ಲಿ ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಎಳೆಯ ನಾವಿಕರಿಗಿಂತ ವಯಸ್ಸಾದವರೇ ಹೆಚ್ಚು ಬದುಕಿ ಬರುತ್ತಾರೆ, ಎಳೆಯರಿಗೆ ಕೊರತೆಯಿರುವುದು ತೋಳ್ಬಲದಲ್ಲಿ ಅಲ್ಲ, ಆತ್ಮವಿಶ್ವಾಸದಲ್ಲಿ ಎಂದು ಹೋಲ್ಟ್ ನಂಬಿದ್ದರು. ಯುದ್ಧ ಮುಗಿದ ಮೇಲೂ ಆ ನಂಬಿಕೆ ಉಳಿಯಿತು, 1960ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ದಾಟಿ ಕೊಲೊರಾಡೊ ತಲುಪಿತು.

ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಮೊದಲಿಗರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾನ್ಸಿಸ್ ಕೆಲ್ಲಿ ಮತ್ತು ಡೇನಿಯಲ್ ಬೇರ್ ಮುಖ್ಯರು. 1960ರ ದಶಕದ ಉತ್ತರಾರ್ಧದಲ್ಲಿ ಅವರು ಕಾನೂನಿನ ಜೊತೆ ಸಂಘರ್ಷಕ್ಕೆ ಬಿದ್ದ 120 ಹುಡುಗರನ್ನು ತೆಗೆದುಕೊಂಡು, 60 ಮಂದಿಯನ್ನು ಸುಧಾರಣಾ ವ್ಯವಸ್ಥೆಯ ಮಾಮೂಲು ದಾರಿಯಲ್ಲೇ ಬಿಟ್ಟು, ಉಳಿದ 60 ಮಂದಿಯನ್ನು ಔಟ್‌ವರ್ಡ್ ಬೌಂಡ್ ಶಾಲೆಗಳಿಗೆ ಕಳುಹಿಸಿದರು. ಒಂದು ವರ್ಷದ ನಂತರ ಲೆಕ್ಕ ಹಾಕಿದಾಗ ಮತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 42, ಎರಡನೆಯದರಲ್ಲಿ ಶೇ. 20. ಅಂದಿನ ಕಾಲಕ್ಕೆ ಇದು ಬೆರಗಿನ ಫಲಿತಾಂಶ. ಆದರೆ ಹುಡುಗರು ಹೋದ ಶಾಲೆಗಳೆಲ್ಲ ಒಂದೇ ಬಗೆಯ ಫಲ ಕೊಡಲಿಲ್ಲ ಎಂಬ ಅಂಶ ಅದೇ ವರದಿಯಲ್ಲಿತ್ತು. ಹೊರಾಂಗಣ ಎಂಬ ಒಂದೇ ಹೆಸರಿನಡಿ ನಡೆಯುವುದು ಒಂದೇ ಕೆಲಸವಲ್ಲ ಎಂಬ ಸೂಚನೆ ಅಲ್ಲೇ ಸಿಕ್ಕಿತ್ತು. ಶೇ. 20ರ ಅಂಕಿ ಪ್ರಸಿದ್ಧವಾದಷ್ಟು ಅದು ಪ್ರಸಿದ್ಧವಾಗಲಿಲ್ಲ.

ಮುಂದೆ ಅಧ್ಯಯನಗಳು ರಾಶಿ ಬಿದ್ದವು, ರಾಶಿಯನ್ನು ಒಟ್ಟಿಗೆ ತೂಗುವ ಕೆಲಸವೂ ನಡೆಯಿತು. 1997ರಲ್ಲಿ ಜಾನ್ ಹ್ಯಾಟಿ ಮತ್ತು ಸಂಗಡಿಗರು ಸಾಹಸ ಶಿಕ್ಷಣದ 96 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಶಿಬಿರದ ಕೊನೆಗೆ ಕಂಡ ಸರಾಸರಿ ಪರಿಣಾಮದ ಗಾತ್ರ 0.34. ಸಾಧಾರಣ ಗಾತ್ರವೇ. ಅಚ್ಚರಿಯೆಂದರೆ ಶಿಬಿರ ಮುಗಿದ ಮೇಲೂ ಅದು 0.17ರಷ್ಟು ಏರಿತ್ತು, ಸಾಮಾನ್ಯವಾಗಿ ಶಾಲಾ ಕಾರ್ಯಕ್ರಮಗಳ ಪರಿಣಾಮ ಮುಗಿದ ಮರುದಿನದಿಂದಲೇ ಕರಗತೊಡಗುತ್ತದೆ. ಆದರೆ ಆ ಅಧ್ಯಯನಗಳ ಶಿಬಿರಾರ್ಥಿಗಳಲ್ಲಿ ವಯಸ್ಕರೂ, ಯಾವ ವಿಶೇಷ ಅಗತ್ಯವೂ ಇಲ್ಲದವರೂ ಸಾಕಷ್ಟಿದ್ದರು. ಕಾನೂನಿನ ಸಂಘರ್ಷಕ್ಕೆ ಒಳಗಾದ ಎಳೆಯರನ್ನಷ್ಟೇ ನೋಡಿದ ಸಾಂಡ್ರಾ ವಿಲ್ಸನ್ ಮತ್ತು ಮಾರ್ಕ್ ಲಿಪ್ಸಿ 2000ದಲ್ಲಿ 28 ಅಧ್ಯಯನಗಳನ್ನು ತೂಗಿ ಕಂಡದ್ದು 0.18ರ ಪರಿಣಾಮ. ಮತ್ತೆ ತಪ್ಪು ಮಾಡಿದವರು ಶಿಬಿರಕ್ಕೆ ಹೋದವರಲ್ಲಿ ಶೇ. 29, ಹೋಗದವರಲ್ಲಿ ಶೇ. 37. ಕೆಲ್ಲಿ ಮತ್ತು ಬೇರ್ ಕಂಡ ಅಂತರ ಇಲ್ಲಿ ಎಂಟು ಅಂಶಗಳಿಗೆ ಇಳಿದಿದೆ.

ಇದೇ ವಿಶ್ಲೇಷಣೆಯ ಒಳವಿವರಕ್ಕೆ ಹೆಚ್ಚು ಬೆಲೆಯಿದೆ. ದೇಹಕ್ಕೆ ನಿಜವಾದ ಶ್ರಮವಿದ್ದು, ಜೊತೆಗೆ ಆಪ್ತ ಸಮಾಲೋಚನೆಯೂ ಸೇರಿದ್ದ ಕಾರ್ಯಕ್ರಮಗಳೇ ಚೆನ್ನಾಗಿ ಕೆಲಸ ಮಾಡಿದವು. ಹತ್ತು ವಾರಗಳನ್ನು ಮೀರಿ ಎಳೆದವು ಹೆಚ್ಚೇನೂ ಸಾಧಿಸಲಿಲ್ಲ. ಅಂದರೆ ಬೆಟ್ಟದಲ್ಲಿ ಮಗುವನ್ನು ಹೆಚ್ಚು ದಿನ ಇಡುವುದರಿಂದ ಹೆಚ್ಚು ಫಲ ಎಂಬ ಲೆಕ್ಕ ನಿಲ್ಲುವುದಿಲ್ಲ. ಥಾಮಸ್ ಜೇಮ್ಸ್ ಕೇಳಿದ ಪ್ರಶ್ನೆಗೆ ಇಪ್ಪತ್ತು ವರ್ಷಗಳ ನಂತರ ಸಿಕ್ಕ ಅಂಕಿಅಂಶದ ಉತ್ತರ ಇದು: ಹತ್ತುವುದೂ ಬೇಕು, ಕೂತು ಮಾತಾಡುವುದೂ ಬೇಕು.

ಆ ಮಾತು ಹೇಗಿರಬೇಕು? ಇದಕ್ಕೆ ಈ ಕ್ಷೇತ್ರದಲ್ಲಿ ಸಿಗುವ ಅತ್ಯಂತ ಪ್ರಾಯೋಗಿಕ ಉತ್ತರ ಬಂದದ್ದು ಬೆಟ್ಟದಿಂದಲ್ಲ, ನಗರದ ಬಡ ಬಡಾವಣೆಗಳ ಬ್ಯಾಸ್ಕೆಟ್‌ಬಾಲ್ ಅಂಕಣಗಳಿಂದ. ಡಾನ್ ಹೆಲಿಸನ್ ಅಮೆರಿಕದ ನೌಕಾದಳದ ಮರೀನ್ ಪಡೆಯಲ್ಲಿದ್ದು ಬಂದವರು. 1970ರ ಸುಮಾರಿಗೆ ಪೋರ್ಟ್‌ಲೆಂಡಿನಲ್ಲಿ, 1980ರ ದಶಕದ ಕೊನೆಯಿಂದ ಶಿಕಾಗೋದಲ್ಲಿ, ಶಾಲೆಗಳು ಕೈಬಿಟ್ಟ ಹುಡುಗ ಹುಡುಗಿಯರೊಂದಿಗೆ ಆಡುತ್ತ ಆಡುತ್ತ ಒಂದು ಪಾಠಕ್ರಮ ಕಟ್ಟಿದರು. ವೈಯಕ್ತಿಕ ಮತ್ತು ಸಾಮಾಜಿಕ ಹೊಣೆಗಾರಿಕೆಯ ಮಾದರಿ ಎಂದು ಅದು ಹೆಸರಾಗಿದೆ. ಅದರ ಮೆಟ್ಟಿಲುಗಳು ಐದು. ಇತರರ ಹಕ್ಕು ಮತ್ತು ಭಾವನೆಗಳನ್ನು ಗೌರವಿಸುವುದು, ಪ್ರಯತ್ನಪಟ್ಟು ಭಾಗವಹಿಸುವುದು, ತನ್ನ ಕಲಿಕೆಯನ್ನು ತಾನೇ ನಡೆಸುವುದು, ಇನ್ನೊಬ್ಬರಿಗೆ ನೆರವಾಗುವುದು, ಕೊನೆಗೆ ಇವೆಲ್ಲವನ್ನೂ ಆಟದ ಮನೆಯಾಚೆಗೆ ಒಯ್ಯುವುದು.

ಕಾಗದದ ಮೇಲೆ ಇದು ನೀತಿಪಾಠದ ಪಟ್ಟಿಯಂತೆ ಕಾಣುತ್ತದೆ. ಹೆಲಿಸನ್ ಅವರ ಪ್ರತಿಭೆ ಇದ್ದದ್ದು ಪಟ್ಟಿಯಲ್ಲಿ ಅಲ್ಲ, ಒಂದು ಗಂಟೆಯನ್ನು ಕತ್ತರಿಸಿ ಹಂಚಿದ ರೀತಿಯಲ್ಲಿ. ಮಕ್ಕಳು ಒಬ್ಬೊಬ್ಬರಾಗಿ ಒಳಬರುವ ಹೊತ್ತಿನಲ್ಲಿ ಶಿಕ್ಷಕರು ಬಾಗಿಲ ಬಳಿಯೇ ನಿಂತಿರುತ್ತಾರೆ. ಪ್ರತಿಯೊಬ್ಬರೊಂದಿಗೂ ಒಂದೆರಡು ಮಾತು: ನಿನ್ನೆ ಯಾಕೆ ಬರಲಿಲ್ಲ, ಕಾಲುನೋವು ಹೇಗಿದೆ, ಹೊಸ ಕ್ರಾಪು ಚೆನ್ನಾಗಿದೆ. ನಂತರ ಎಲ್ಲರೂ ಸೇರಿ ಇವತ್ತಿನ ಗುರಿಯೇನು ಎಂದು ಒಂದೆರಡು ನಿಮಿಷ. ಆಮೇಲೆ ಆಟ. ಇದೇ ಪಾಠದ ಬಹುಭಾಗ. ಮುಗಿಯುವ ಮೊದಲು ಗುಂಪಿನ ಸಭೆ. ಅಲ್ಲಿ ಯಾರ ತಂಡ ಗೆದ್ದಿತು ಎನ್ನುವುದು ವಿಷಯವಲ್ಲ, ಇವತ್ತು ಏನು ಸರಿಹೋಗಲಿಲ್ಲ ಎಂದು ಮಕ್ಕಳೇ ಹೇಳಬೇಕು, ಶಿಕ್ಷಕರ ತಪ್ಪನ್ನೂ ಎತ್ತಬಹುದು. ಕೊನೆಯಲ್ಲಿ ಪ್ರತಿ ಮಗು ತನ್ನನ್ನು ತಾನೇ ಅಳೆದುಕೊಳ್ಳುತ್ತದೆ. ‘ಇವತ್ತು ಕೋಪ ಬಂದಾಗ ನಿನ್ನನ್ನು ನೀನು ತಡೆದುಕೊಂಡೆಯಾ?’ ಎಂದರೆ ಹೆಬ್ಬೆರಳು ಮೇಲೆ, ಅಡ್ಡ ಅಥವಾ ಕೆಳಗೆ. ಮಾತು ಬಾರದ, ಅಥವಾ ಮಾತಾಡಲು ಹೆದರುವ ಮಗುವೂ ಹೆಬ್ಬೆರಳು ತೋರಿಸಬಲ್ಲದು.

ಜಗಳಕ್ಕೂ ಇಲ್ಲಿ ಜಾಗವಿದೆ. ಅಂಕಣದ ಪಕ್ಕದಲ್ಲಿ ಮಾತಿನ ಬೆಂಚು ಇರುತ್ತದೆ. ಕೈಕೈ ಮಿಲಾಯಿಸಿದ ಇಬ್ಬರು ಅಲ್ಲಿ ಹೋಗಿ ಕೂತು, ಪರಸ್ಪರ ಮಾತಾಡಿ, ಆಟಕ್ಕೆ ಮರಳುವಾಗ ನಾವು ಬಗೆಹರಿಸಿಕೊಂಡೆವು ಎಂದಷ್ಟೇ ಹೇಳಿದರೆ ಸಾಕು. ಶಿಕ್ಷಕರು ಪಂಚಾಯಿತಿ ಮಾಡುವುದಿಲ್ಲ. ಸಹಿಸಲಾಗದಷ್ಟು ಕೋಪ ಬಂದವನು ತಾನಾಗಿ ಹೊರಗೆ ಕೂರಬಹುದು, ಸಿದ್ಧವಾದಾಗ ತಾನಾಗಿ ಒಳಗೆ ಬರಬಹುದು. ಹೊರಗೆ ಕೂರುವುದು ಇಲ್ಲಿ ಶಿಕ್ಷೆಯಲ್ಲ, ಒಂದು ಸೌಕರ್ಯ. ಮಕ್ಕಳಿಗೆ ಕೊಟ್ಟ ಸ್ವಾತಂತ್ರ್ಯ ಹಾರ್ಮೋನಿಯಂನ ತಿದಿಯಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ: ಸ್ವತಂತ್ರವಾಗಿ ಅಭ್ಯಾಸ ಮಾಡುವ ಹೊತ್ತನ್ನು ಚೆನ್ನಾಗಿ ಬಳಸಿದರೆ ನಾಳೆ ಇನ್ನಷ್ಟು ಸಿಗುತ್ತದೆ, ದುರ್ಬಳಕೆಯಾದರೆ ನಾಳೆ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಭಾವನಾತ್ಮಕ ಅಗತ್ಯದ ಮಗುವಿನ ಬದುಕಿನಲ್ಲಿ ದೊಡ್ಡವರ ಪ್ರೀತಿ ಇದ್ದಕ್ಕಿದ್ದಂತೆ ಬಂದು ಇದ್ದಕ್ಕಿದ್ದಂತೆ ಹೋಗಿರುತ್ತದೆ. ಲೆಕ್ಕಕ್ಕೆ ಸಿಗುವ, ಮುಂದಾಗಿ ಊಹಿಸಬಹುದಾದ ಈ ಏರಿಳಿತವೇ ಅದಕ್ಕೆ ಹೊಸ ಅನುಭವ.

ಹೆಲಿಸನ್ ಮಾದರಿಯ ಬಲಹೀನ ಕೊಂಡಿ ಐದನೆಯ ಮೆಟ್ಟಿಲು. ಅಂಕಣದಲ್ಲಿ ಸೌಮ್ಯನಾದ ಹುಡುಗ ಗಣಿತದ ತರಗತಿಯಲ್ಲೂ ಸೌಮ್ಯನಾಗುತ್ತಾನೆ ಎಂಬುದಕ್ಕೆ ಪುರಾವೆ ಮೊದಲ ನಾಲ್ಕು ಮೆಟ್ಟಿಲುಗಳಿಗಿಂತ ತೀರ ತೆಳು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಂಕಣದಲ್ಲಿ ಅವನಿಗೆ ಮಾತಿನ ಬೆಂಚು ಇತ್ತು, ಗಣಿತದ ತರಗತಿಯಲ್ಲಿ ಇರುವುದು ಬಾಗಿಲಾಚೆ ನಿಲ್ಲುವ ಶಿಕ್ಷೆ. ಒಬ್ಬ ಶಿಕ್ಷಕರು ಕಲಿಸಿದ್ದನ್ನು ಉಳಿದ ಆರು ಶಿಕ್ಷಕರು ಗುರುತಿಸದ ಶಾಲೆಯಲ್ಲಿ ಪಾಠ ದಾಟಿ ಹೋಗಬೇಕೆಂದು ಮಗುವಿನಿಂದ ಮಾತ್ರ ನಿರೀಕ್ಷಿಸುವುದು ಅನ್ಯಾಯ.

ಆಯ್ಕೆಯ ವಿಷಯವನ್ನು ಇನ್ನಷ್ಟು ದೂರ ಒಯ್ದದ್ದು ಪ್ರಾಜೆಕ್ಟ್ ಅಡ್ವೆಂಚರ್. ಔಟ್‌ವರ್ಡ್ ಬೌಂಡ್‌ನ ಸಾಹಸವನ್ನು ಸಾಮಾನ್ಯ ಶಾಲೆಯ ದೈಹಿಕ ಶಿಕ್ಷಣದ ಪಿರಿಯಡ್ಡಿನೊಳಗೆ ತರಬೇಕೆಂದು 1971ರಲ್ಲಿ ಮ್ಯಾಸಚೂಸೆಟ್ಸ್‌ನ ಹ್ಯಾಮಿಲ್ಟನ್-ವೆನ್‌ಹ್ಯಾಮ್ ಪ್ರೌಢಶಾಲೆಯಲ್ಲಿ ಶುರುವಾದ ಯೋಜನೆ ಇದು. ಮರಗಳ ನಡುವೆ ಹಗ್ಗದ ಸೇತುವೆ, ಗೋಡೆ, ತೊಲೆ. ಇದರ ರೂವಾರಿಗಳಲ್ಲೊಬ್ಬರಾದ ಕಾರ್ಲ್ ರೋನ್‌ಕಿ ರೂಢಿಗೆ ತಂದ ಸೂತ್ರದ ಪ್ರಕಾರ ಸವಾಲನ್ನು ಎಷ್ಟರ ಮಟ್ಟಿಗೆ ತೆಗೆದುಕೊಳ್ಳಬೇಕೆಂದು ನಿರ್ಧರಿಸುವುದು ಮಗುವೇ. ಅರ್ಧ ಹತ್ತಿ ಇಳಿದರೂ ಅದು ಸೋಲಲ್ಲ.

ಹಗ್ಗ ಹಿಡಿಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದರ ಅರ್ಥ ಹೊಳೆಯುತ್ತದೆ. ಒಬ್ಬಳು ಬಂಡೆ ಹತ್ತುತ್ತಾಳೆ. ಅವಳ ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗ ಮೇಲಿನ ಕೊಂಡಿಯನ್ನು ಬಳಸಿ ಕೆಳಗಿಳಿದು, ನೆಲದ ಮೇಲೆ ನಿಂತ ಇನ್ನೊಬ್ಬನ ಕೈಗೆ ಬರುತ್ತದೆ. ಅವಳು ಹೆಜ್ಜೆ ಏರಿದಂತೆ ಅವನು ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುತ್ತಲೇ ಇರಬೇಕು, ಹಿಡಿದ ಕೈಯನ್ನು ಒಂದು ಕ್ಷಣವೂ ಬಿಡಬಾರದು. ಹೊರಡುವ ಮೊದಲು ಇಬ್ಬರೂ ಒಬ್ಬರ ಗಂಟನ್ನು ಒಬ್ಬರು ನೋಡಿ, ಸಿದ್ಧವೇ ಎಂದು ಕೇಳಿ, ಸಿದ್ಧ ಎಂದು ಕೇಳಿಸಿಕೊಳ್ಳಬೇಕು. ತರಗತಿಯಲ್ಲಿ ಪೆನ್ಸಿಲ್ ಕೂಡ ನಂಬಿ ಕೊಡಲಾಗದವನು ಎಂದು ಹೆಸರಾದ ಹುಡುಗನ ಕೈಯಲ್ಲಿ ಈಗ ಒಬ್ಬಳ ಜೀವವಿದೆ. ತರಬೇತುದಾರರು ಅವನ ಹಿಂದೆಯೇ ಹಗ್ಗದ ಬಾಲ ಹಿಡಿದು ನಿಂತಿರುತ್ತಾರೆ ನಿಜ. ಆದರೂ ಎಳೆಯುವ ಕೈ ಅವನದೇ. ಹೊಣೆಗಾರಿಕೆಯ ಬಗ್ಗೆ ಮಾಡಿದ ಎಷ್ಟೋ ಭಾಷಣಗಳಿಗೆ ಸಿಗದ ಗಮನ ಈ ಹೊತ್ತಿಗೆ ಸಿಗುತ್ತದೆ. ಇದೇ ವರ್ಗದ ಇನ್ನೊಂದು ಚಟುವಟಿಕೆ, ಕಣ್ಣುಮುಚ್ಚಿ ಹಿಂದಕ್ಕೆ ಬಿದ್ದು ಗೆಳೆಯರು ಹಿಡಿಯುತ್ತಾರೆಂದು ನಂಬುವ ಆಟ, ಮನೆಯಲ್ಲಿ ನಂಬಿಕೆದ್ರೋಹ ಉಂಡ ಮಗುವಿಗೆ ಮೊದಲ ವಾರದಲ್ಲಿ ಮಾಡಿಸಬಾರದ್ದು. ಎರಡನ್ನೂ ನಂಬಿಕೆಯ ಆಟಗಳೆಂದು ಒಂದೇ ಚೀಲಕ್ಕೆ ಹಾಕುವವರು ಮಗುವನ್ನು ನೋಡಿಲ್ಲ.

ಆಯ್ಕೆಯನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ, ಅದು ಕರಾಳ. ಅಮೆರಿಕದಲ್ಲಿ ‘ದಾರಿ ತಪ್ಪಿದ’ ಹದಿಹರೆಯದವರನ್ನು ಮರುಭೂಮಿಗೆ, ಕಾಡಿಗೆ ಬಲವಂತವಾಗಿ ಒಯ್ದು ಸರಿಪಡಿಸುತ್ತೇವೆನ್ನುವ ಖಾಸಗಿ ಉದ್ಯಮವೇ ಬೆಳೆಯಿತು. 2007ರ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 1990ರಿಂದ 2004ರ ನಡುವೆ ಇಂಥ ಕಾರ್ಯಕ್ರಮಗಳಲ್ಲಿ ಹದಿಹರೆಯದವರು ಸತ್ತ 10 ಪ್ರಕರಣಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ತರಬೇತಿಯಿಲ್ಲದ ಸಿಬ್ಬಂದಿ, ಸಾಲದ ಆಹಾರ, ಕಾಯಿಲೆಬಿದ್ದ ಮಗು ನಾಟಕವಾಡುತ್ತಿದೆ ಎಂಬ ತಾತ್ಸಾರ ಆ ವರದಿಯಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಅವರನ್ನು ಸಾಯಿಸಿದ್ದು ಕಾಡಲ್ಲ, ಮಗುವಿನ ಮಾತನ್ನು ನಂಬದ ದೊಡ್ಡವರು.

ಸದುದ್ದೇಶದ ಕಾರ್ಯಕ್ರಮಗಳೂ ಅಜಾಗರೂಕತೆಗೆ ಬೆಲೆ ತೆತ್ತಿವೆ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ದೋಣಿಗಳಲ್ಲಿ ಹೊರಟ ಪ್ಲಿಮತ್‌ನ ಶಾಲಾಮಕ್ಕಳಲ್ಲಿ ನಾಲ್ವರು ತೀರಿಕೊಂಡರು. ಆ ದುರಂತದಿಂದ 1995ರಲ್ಲಿ ಸಾಹಸ ಕೇಂದ್ರಗಳಲ್ಲಿ ಎಳೆಯರ ಸುರಕ್ಷತೆಯ ಕಾಯ್ದೆ ಬಂತು, ಮರುವರ್ಷ ಪರವಾನಗಿ ಪದ್ಧತಿ ಜಾರಿಗೊಂಡಿತು. ಭಾವನಾತ್ಮಕ ಅಗತ್ಯದ ಮಕ್ಕಳನ್ನು ಹೊರಗೆ ಕರೆದೊಯ್ಯುವವರಿಗೆ ಸುರಕ್ಷತೆ ಎಂದರೆ ಜೀವರಕ್ಷಕ ಜಾಕೆಟ್ ಮಾತ್ರವಲ್ಲ. ಗುಂಪಿನಿಂದ ದಿಢೀರನೆ ಓಡಿಹೋಗುವ ಮಗು ಯಾವುದು, ಔಷಧ ತೆಗೆದುಕೊಳ್ಳುವುದು ಯಾರು, ಯಾರ ಪಕ್ಕ ಯಾರು ಮಲಗಬಾರದು ಎಂಬುದನ್ನೂ ಹೊರಡುವ ಮೊದಲೇ ತಿಳಿದಿರಬೇಕು.

ಬೆಟ್ಟ, ಸಮುದ್ರಗಳೇ ಬೇಕೆಂದೇನಿಲ್ಲ. ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೋ 2009ರಲ್ಲಿ ಗಮನದ ಕೊರತೆಯಿದ್ದ, 7ರಿಂದ 12 ವರ್ಷದ 17 ಮಕ್ಕಳನ್ನು ಮೂರು ಕಡೆ ತಲಾ 20 ನಿಮಿಷ ನಡೆಸಿದರು: ಉದ್ಯಾನ, ಪೇಟೆ, ವಸತಿ ಬಡಾವಣೆ. ಉದ್ಯಾನದ ನಡಿಗೆಯ ನಂತರ ಗಮನ ಚೆನ್ನಾಗಿತ್ತು. ಚಿಕ್ಕ ಅಧ್ಯಯನ ಇದು, ಅದಕ್ಕೆ ತಕ್ಕಷ್ಟೇ ಬೆಲೆ ಕೊಡಬೇಕು. ಬ್ರಿಟನ್ನಿನ ಅರಣ್ಯ ಶಾಲೆಗಳ ಬೇರು 1993ರಲ್ಲಿ ಸಾಮರ್ಸೆಟ್‌ನ ಬ್ರಿಡ್ಜ್‌ವಾಟರ್ ಕಾಲೇಜಿನವರು ಡೆನ್ಮಾರ್ಕಿಗೆ ಹೋಗಿ ನೋಡಿ ಬಂದ ಶಿಶುಶಾಲೆಗಳಲ್ಲಿದೆ. ವಾರಕ್ಕೊಮ್ಮೆ, ಅದೇ ಕಾಡಿನ ತುಣುಕಿಗೆ, ಅದೇ ಗುಂಪು. ಜೆನ್ನಿ ರೋ ಮತ್ತು ಪೀಟರ್ ಆಸ್ಪಿನಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರಣ್ಯ ಶಾಲೆಯ ದಿನ ಸಿಟ್ಟು ಇಳಿದದ್ದು ಹೆಚ್ಚಾಗಿ ನಡವಳಿಕೆಯ ತೊಂದರೆಯಿದ್ದ ಮಕ್ಕಳಲ್ಲೇ. ವ್ಯಾಯಾಮದ ಬಗ್ಗೆ ಹೇಳುವಾಗಲೂ ಇದೇ ಎಚ್ಚರ ಬೇಕು. ಮಕ್ಕಳ ಆತಂಕ, ಖಿನ್ನತೆಗಳಿಗೆ ವ್ಯಾಯಾಮದ ಉಪಯೋಗ ಕುರಿತು 2006ರ ಕಾಕ್ರೇನ್ ಸಮೀಕ್ಷೆ 16 ಪ್ರಯೋಗಗಳನ್ನು ತೂಗಿ, ಸಣ್ಣ ಅನುಕೂಲ ಕಾಣುತ್ತದೆ, ಪುರಾವೆ ಗಟ್ಟಿಯಿಲ್ಲ ಎಂದಿತು.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಗ್ರಾಮಾಂತರ ಪ್ರದೇಶಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 12.5ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆಗಳಿದ್ದವು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಶೇ. 7.3 ಎಂದಿತು. ಎರಡರಲ್ಲಿ ಯಾವುದನ್ನು ಹಿಡಿದರೂ 40 ಮಕ್ಕಳ ತರಗತಿಯಲ್ಲಿ ಮೂವರಿಂದ ಐವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಇವರಲ್ಲಿ ಬಹಳ ಮಂದಿ ಬರುವುದಿಲ್ಲ, ಹೀಗಾಗಿ ವಿಶೇಷ ಶಿಕ್ಷಕರು ಇವರ ಬಳಿಗೆ ಬರುವುದಿಲ್ಲ. ಇವರ ಪಾಲಿಗೆ ಇರುವವರು ಪಿ.ಟಿ. ಮೇಷ್ಟ್ರು.

ಆ ಪಿ.ಟಿ. ಮೇಷ್ಟ್ರ ಸ್ಥಾನವೇ ಇಕ್ಕಟ್ಟಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಆಟದ ಮೈದಾನ ಬೇಕೆನ್ನುತ್ತದೆ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕಡ್ಡಾಯ ಮಾಡುವುದು ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಶಿಕ್ಷಕರಿರುವ ಕಡೆ ಪ್ರಾರ್ಥನೆಯ ಸಾಲು ನೇರ ಮಾಡಿಸುವುದು, ತಡವಾಗಿ ಬಂದವರನ್ನು ನಿಲ್ಲಿಸುವುದು, ಗಲಾಟೆ ಮಾಡಿದವರನ್ನು ವಿಚಾರಿಸಿಕೊಳ್ಳುವುದು ಇವರ ತಲೆಗೇ ಬೀಳುತ್ತದೆ. ಯಾರ ಬಾಗಿಲ ಬಳಿಯ ಒಂದೆರಡು ಮಾತಿನಿಂದ ಮಗು ಅರಳಬೇಕಿತ್ತೋ, ಅವರನ್ನೇ ಶಾಲೆ ಶಿಸ್ತಿನ ಪೊಲೀಸರನ್ನಾಗಿ ಮಾಡಿದೆ. ಈ ಕೆಲಸವನ್ನು ಅವರಿಂದ ಬಿಡಿಸದೆ ಯಾವ ಹೊಸ ಮಾದರಿಯನ್ನು ತಂದರೂ ಪ್ರಯೋಜನವಾಗದು.

ನಮ್ಮ ಆಟಗಳಲ್ಲಿ ಸಾಮಗ್ರಿ ಸಾಕಷ್ಟಿದೆ. ಕಬಡ್ಡಿಯನ್ನೇ ನೋಡಬಹುದು. ಔಟಾದವನು ಹೊರಗೆ ಕೂರುತ್ತಾನೆ, ಆದರೆ ತನ್ನ ತಂಡದವರು ಎದುರಾಳಿಯನ್ನು ಔಟ್ ಮಾಡಿದ ಕೂಡಲೇ ಜೀವ ಪಡೆದು ಒಳಗೆ ಬರುತ್ತಾನೆ. ಹೊರಹಾಕಿದವರನ್ನು ಮರಳಿ ಕರೆಯುವ ನಿಯಮ ಆಟದ ಒಳಗೇ ಇದೆ. ಮ್ಯೂಸಿಕಲ್ ಚೇರ್‌ನಲ್ಲಿ ಅದಿಲ್ಲ. ಆದರೆ ಕಬಡ್ಡಿಯಲ್ಲಿ ಮೈಗೆ ಮೈ ತಾಗಿಸಿ ಕೆಡಹುವುದೂ ಇದೆ, ಮುಟ್ಟಿದರೆ ಬೆಚ್ಚುವ ಮಗುವಿಗೆ ಅದನ್ನು ಮುಟ್ಟಿದರೆ ಸಾಕು ಎಂಬ ನಿಯಮಕ್ಕೆ ಇಳಿಸಬೇಕು. ಖೋ ಖೋದಲ್ಲಿ ಬೆನ್ನು ಮುಟ್ಟಿ ಖೋ ಕೊಡುವುದು ಹಿಂದಿನಿಂದ. ಮುಟ್ಟುವ ಮೊದಲೇ ಹೆಸರು ಕೂಗಬೇಕೆಂದು ಶಾಲೆಯ ಆಟಕ್ಕೆ ಒಂದು ನಿಯಮ ಸೇರಿಸಿದರೆ ಆಟ ಕೆಡುವುದಿಲ್ಲ. ಲಗೋರಿಯಲ್ಲಿ ಚೆಂಡು ಸೊಂಟದ ಕೆಳಗೇ ಬೀಳಬೇಕು, ಕಲ್ಲು ಜೋಡಿಸುವ ಸರದಿ ಎಲ್ಲರಿಗೂ ಬರಬೇಕು ಎನ್ನಬಹುದು. ಇಂಥ ತಿದ್ದುಪಡಿಗಳನ್ನು ಮಕ್ಕಳೇ ಸಭೆ ಸೇರಿ ಮಾಡಿಕೊಂಡರೆ ಹೆಲಿಸನ್ ಮಾದರಿ ಹಳ್ಳಿಯ ಶಾಲೆಯ ಅಂಗಳಕ್ಕೆ ಬಂದಂತೆಯೇ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾಡಿಗೆ ಕರೆದೊಯ್ಯುವ ಪಟ್ಟಿಯಿಂದ ತುಂಟರ ಹೆಸರನ್ನು ಮೊದಲು ಹೊಡೆದುಹಾಕುವ ಅಭ್ಯಾಸ ನಿಂತರೆ ಮಾತ್ರ ಅದರ ಲಾಭ ಬೇಕಾದವರಿಗೆ ಮುಟ್ಟುತ್ತದೆ.

ಹೆಚ್ಚು ಹಾನಿ ಮಾಡುವ ರೂಢಿ ಇದೇ: ಮನೆಪಾಠ ಮಾಡದವನಿಗೆ, ಜಗಳವಾಡಿದವಳಿಗೆ ಆಟದ ಪಿರಿಯಡ್ ಕಟ್. ಪರೀಕ್ಷೆ ಹತ್ತಿರ ಬಂದರೆ ಇಡೀ ತರಗತಿಗೇ ಕಟ್. ಬಿಡುವಿನ ಆಟವನ್ನು ಶಿಕ್ಷೆಯ ಕಾರಣಕ್ಕಾಗಲಿ ಓದಿನ ಕಾರಣಕ್ಕಾಗಲಿ ಕಸಿಯಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ. ಭಾವನೆಗಳನ್ನು ಹಿಡಿತದಲ್ಲಿಡಲಾರದ ಮಗುವಿನಿಂದ ಅದನ್ನು ಕಲಿಯುವ ಹೊತ್ತನ್ನೇ ಕಿತ್ತುಕೊಳ್ಳುವುದು ಜ್ವರ ಬಂದವರಿಗೆ ಔಷಧ ನಿಲ್ಲಿಸುವ ಶಿಕ್ಷೆ ಕೊಟ್ಟಂತೆಯೇ ಆಗುತ್ತದೆ. ಇದನ್ನು ನಿಲ್ಲಿಸಲು ಅನುದಾನ ಬೇಕಿಲ್ಲ, ಮುಖ್ಯ ಶಿಕ್ಷಕರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿ ಅದರ ಬೆನ್ನು ಹತ್ತಿದರೆ ಸಾಕು. ಅದರ ಜೊತೆಗೆ ಬಿ.ಪಿ.ಇಡಿ. ಪಠ್ಯದಲ್ಲಿ ಆಘಾತಕ್ಕೊಳಗಾದ ಮಕ್ಕಳ ಬಗ್ಗೆ ಒಂದು ಪೂರ್ಣ ಪತ್ರಿಕೆಯನ್ನು ಸೇರಿಸಬೇಕು. ದೈಹಿಕ ಶಿಕ್ಷಣ ಕಾಲೇಜುಗಳು ಮತ್ತು ನಿಮ್ಹಾನ್ಸ್ ಕೈಜೋಡಿಸಿ ಕನ್ನಡ ಶಾಲೆಗಳ ಮೈದಾನಗಳಲ್ಲೇ ಅಧ್ಯಯನ ನಡೆಸಬೇಕು. ಶಿಕಾಗೋದ, ಮ್ಯಾಸಚೂಸೆಟ್ಸ್‌ನ ಅಂಕಿಗಳನ್ನು ನೋಡಿ ನಮ್ಮ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಕಾಲ ಮುಗಿಯಬೇಕು.